ಚಾಡಿಯೂ ಅಲ್ಲ, ದ್ರೋಹವೂ ಅಲ್ಲ: ಸಬ್‌ಟೈಟಲ್ ಬರೆದ ನನ್ನ ಅನುಭವ

'ಆಕ್ಟ್ ಆಫ್ ವಯಲೆನ್ಸ್'ಗೆ ಕನ್ನಡ ಸಬ್‌ಟೈಟಲ್ ಬರೆದದ್ದು ಅಮ್ಮನಿಗೋಸ್ಕರ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಥ್ರಿಲ್ಲರ್ ಅಂದ್ರೆ ಪ್ರಾಣ. ಫ್ರೆಡ್ ಜಿನೆಮನ್ ನಿರ್ದೇಶನದ 1948ರ ಕಪ್ಪು ಬಿಳುಪು ಸಿನಿಮಾ, ಬರೀ 82 ನಿಮಿಷ. ಎರಡು ಭಾನುವಾರದಲ್ಲಿ ಮುಗಿಯುತ್ತೆ ಅಂದುಕೊಂಡೆ.

ಶುರು ಸುಲಭ. ಜೋ (ನಟ ರಾಬರ್ಟ್ ರಯಾನ್) ಕುಂಟುತ್ತಾ ಬಂದು, ಪಿಸ್ತೂಲು ತಗೊಂಡು ಬಸ್ ಹತ್ತುತ್ತಾನೆ. ಮಾತೇ ಇಲ್ಲ. ಅವನು ಬಂದಲ್ಲೆಲ್ಲ 'ಕಾಲೆಳೆಯುವ ಸದ್ದು' ಅಂತ ಹಾಕಿದ್ದೆ, ಆಮೇಲೆ ಅಳಿಸಿದೆ. ಅಮ್ಮನ ಕಿವಿ ಚೆನ್ನಾಗೇ ಇದೆ, ಅಲ್ವಾ!

ನೀನು, ನೀವು ಗೋಳು ಬೇರೆ. ಜೋ ಮತ್ತು ಅವನು ಕೊಲ್ಲಲು ಹುಡುಕಿಕೊಂಡು ಬರುವ ಫ್ರ್ಯಾಂಕ್ ಹಳೇ ಗೆಳೆಯರು, ಅಲ್ಲಿ ನೀನು ಸಾಕು. ಫ್ರ್ಯಾಂಕ್‌ನ ಹೆಂಡತಿ ಈಡಿತ್ ಬಾಯಲ್ಲಿ 'ರೀ' ಹಾಕಿ ನೋಡಿದೆ, ಆ ಪಾತ್ರ ಮಾಡಿದ ಜ್ಯಾನೆಟ್ ಲೀ ಮುಖಕ್ಕೆ ಒಂಚೂರೂ ಹೊಂದಲಿಲ್ಲ. ನೀನು ಅಂತಲೇ ಇಟ್ಟೆ.

ಸಿಕ್ಕಿಹಾಕಿಕೊಂಡದ್ದು ಮೆಟ್ಟಿಲ ಮೇಲಿನ ಸೀನಿನಲ್ಲಿ. ಫ್ರ್ಯಾಂಕ್ ಹೆಂಡತಿಗೆ ನಿಜ ಹೇಳುವುದು ಅಲ್ಲೇ. ಜರ್ಮನ್ನರ ಸೆರೆಯಲ್ಲಿದ್ದಾಗ ಜೊತೆಯವರು ಸುರಂಗ ತೋಡಿ ಓಡಿಹೋಗಲು ಹೊರಟಿದ್ದನ್ನು ಇವನೇ ಶಿಬಿರದ ಅಧಿಕಾರಿಗೆ ಹೇಳಿರುತ್ತಾನೆ, ಅವರಿಗೇನೂ ಮಾಡಲ್ಲ ಅನ್ನೋ ಮಾತು ನಂಬಿ, ಅಥವಾ ನಂಬಿದ ಹಾಗೆ ಮಾಡಿ. ಅವರನ್ನು ಕೊಂದರು. ಕಾಲು ಊನವಾಗಿ ಉಳಿದವನು ಜೋ ಒಬ್ಬನೇ. ಇವನಿಗೆ ಊಟ ಸಿಕ್ಕಿತು, ತಿಂದ.

ಮೊದಲು 'ಚಾಡಿ ಹೇಳಿದೆ' ಅಂತ ಬರೆದಿದ್ದೆ. ಅಮ್ಮ ನೋಡಿ, "ಏನೋ, ಚಾಡಿ ಹೇಳಿದ್ದಕ್ಕೆ ಪಿಸ್ತೂಲು ಹಿಡ್ಕೊಂಡು ಬರ್ತಾನಾ?" ಅಂದಳು. ನಿಜ, ಚಾಡಿ ಅಂದ್ರೆ ಅತ್ತೆಗೆ ಸೊಸೆ ಮೇಲೆ ಹೇಳೋದು. 'ದ್ರೋಹ ಮಾಡಿದೆ' ಅಂದರೆ ನಾಟಕದ ಮಾತು, ತಪ್ಪು ಮಾಡಿದವನು ತನ್ನ ಬಗ್ಗೆಯೇ ಹಾಗೆ ಹೇಳಿಕೊಳ್ಳುವುದಿಲ್ಲ. ಮೂರು ದಿನ ಒದ್ದಾಡಿ 'ಬಾಯಿಬಿಟ್ಟೆ' ಅಂತ ಬರೆದೆ. ಮುಂದೆ ಊಟದ ಮಾತು ಬಂದಾಗ ಆ ಪದ ನನಗೇ ಚುಚ್ಚಿತು. ನಿರ್ದೇಶಕನ ಅಪ್ಪ ಅಮ್ಮ ನಾಜಿಗಳ ಹತ್ಯಾಕಾಂಡದಲ್ಲಿ ಸತ್ತವರು ಅಂತ ಗೊತ್ತಿದ್ದರಿಂದ ಆ ಸಾಲುಗಳಲ್ಲಿ ಒಂದು ಪದವೂ ಜಾಸ್ತಿ ಹಾಕಲು ಕೈ ಬರಲಿಲ್ಲ.

ಒಂದು ಕಿರಿಕಿರಿ: ಎರಡು ಸಾಲಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತದೆ. ಬಿಳಿ ಅಕ್ಷರಕ್ಕೆ ಕಪ್ಪು ಅಂಚು ಕೊಟ್ಟು, ಆದಷ್ಟೂ ಒಂದೇ ಸಾಲಿಗೆ ಇಳಿಸಿದೆ.

ಎರಡನೇ ಸಲ ಹಾಕಿದಾಗ ಅಮ್ಮ ಆ ಪದದ ಬಗ್ಗೆ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಆ ಹುಡುಗಿ ಮಗು ಕಟ್ಕೊಂಡು ಏನ್ಮಾಡ್ತಾಳೋ?" ಅಂದಳು.