ದಬ್ಬೆಯ ಸಿಬಿರಿನಲ್ಲಿ ಸಿಕ್ಕ ಪಾಠ

ಹೊಸನಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಜೀವಕೋಶ, ಅಂಗಾಂಶ, ಅಂಗ, ಅಂಗವ್ಯೂಹ, ಜೀವಿ ಅಂತ ಎಷ್ಟೋ ವರ್ಷ ಬೋರ್ಡಿನಲ್ಲಿ ಬರೆದೆ, ಮಕ್ಕಳು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದರು. “ನಿಮ್ಮ ಅಡಿಕೆ ಮರದಲ್ಲಿ ಅಂಗಾಂಶ ಎಲ್ಲಿದೆ?” ಎಂದು ಕೇಳಿದ ದಿನ ಇಡೀ ತರಗತಿ ಸುಮ್ಮನಾಯಿತು.

ಆಮೇಲೆ ಗಿಡದಿಂದಲೇ ಶುರು ಮಾಡಿದೆ. ಮಳೆಗಾಲದಲ್ಲಿ ಶಾಲೆ ಹಿಂದಿನ ಧರೆಯಲ್ಲಿ ಕರ್ಣಕುಂಡಲ ತಾನಾಗಿ ಹುಟ್ಟುತ್ತದೆ. ಬುಡ ಕತ್ತರಿಸಿ ಕೆಂಪು ಶಾಯಿ ಬೆರೆಸಿದ ನೀರಲ್ಲಿ ನಿಲ್ಲಿಸಿದೆವು. ನೀರು ತುಂಬಿದ ಎಳೆ ಕಾಂಡ ಅದು, ಒಳಗಿನ ಬಣ್ಣ ಹೊರಗೆ ಕಾಣುತ್ತದೆ. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಕೆಂಪು ಗೆರೆಗಳು ಎಲೆಯವರೆಗೂ ಏರಿದ್ದವು. ಬ್ಲೇಡಿನಲ್ಲಿ ಅಡ್ಡ ಕೊಯ್ದರೆ ಅಂಚಿನ ಸುತ್ತ ಕೆಂಪು ಚುಕ್ಕಿಗಳ ಬಳೆ. ಅದೇ ನೀರು ಏರುವ ಕ್ಸೈಲಂ ಅಂಗಾಂಶ, ಒಂದೇ ಕೆಲಸಕ್ಕೆ ಕೂಡಿದ ಕೋಶಗಳ ಗುಂಪು.

ಮರುದಿನ ಒಬ್ಬ ಹುಡುಗ ಬೇಲಿಯ ಅಡಿಕೆ ದಬ್ಬೆಯ, ಅಂದರೆ ಸೀಳಿದ ಕಾಂಡದ ಪಟ್ಟಿಯ, ತುಂಡು ತಂದ. ತರುವಾಗ ಬೆರಳಿಗೆ ಸಿಬಿರು ಚುಚ್ಚಿತ್ತು. “ಸರ್, ಇದೂ ಅಂಗಾಂಶನಾ?” ಹೌದು. ಅಡಿಕೆ ಏಕದಳ ಸಸ್ಯ, ಬೀಜದಲ್ಲಿ ಒಂದೇ ದಳ. ಅದರ ನೀರು-ಆಹಾರದ ನಾಳಗಳ ಕಟ್ಟುಗಳು ಬಳೆಯಾಗಿ ನಿಲ್ಲದೆ ಕಾಂಡದ ತುಂಬ ಚದುರಿರುತ್ತವೆ, ಒಂದೊಂದಕ್ಕೂ ಗಟ್ಟಿ ನಾರಿನ ಹೊದಿಕೆ. ಆ ನಾರಿನ ಜೀವಕೋಶಗಳು ಪೂರ್ತಿ ಬಲಿತ ಮೇಲೆ ಸಾಮಾನ್ಯವಾಗಿ ಸತ್ತಿರುತ್ತವೆ, ಲಿಗ್ನಿನ್ ಎಂಬ ಗಟ್ಟಿ ವಸ್ತು ತುಂಬಿದ ದಪ್ಪ ಗೋಡೆ ಮಾತ್ರ ಉಳಿಯುತ್ತದೆ. ಮಳೆಗಾಳಿಗೆ ಬಾಗಿದ ಮರ ಮತ್ತೆ ನೆಟ್ಟಗಾಗುವುದು ಆ ಗೋಡೆಗಳ ಬಲದಿಂದ. ಸತ್ತದ್ದೂ ಕೆಲಸ ಮಾಡುತ್ತದೆ ಎಂಬುದನ್ನು ನಾನು ಯಾವ ತರಗತಿಯಲ್ಲೂ ಬಿಡುವುದಿಲ್ಲ. 1665ರಲ್ಲಿ ರಾಬರ್ಟ್ ಹುಕ್ ಕಾರ್ಕಿನ ಚೂರಿನಲ್ಲಿ ಕಂಡದ್ದೂ ಸತ್ತ ಕೋಶಗಳ ಗೋಡೆಗಳನ್ನೇ.

ಜೀವಂತ ಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಈರುಳ್ಳಿ ಪೊರೆ ಸಾಕು. ಒಂದೇ ಪದರ ಇರಲಿ, ಬಣ್ಣಕ್ಕೆ ಅಯೋಡಿನ್ ಒಂದೇ ಹನಿ.

ಎಲ್ಲ ಮುಗಿದ ಮೇಲೆ ಒಬ್ಬಳು ಕೇಳಿದಳು: “ಎಲೆಚುಕ್ಕಿ ಬರೋದು ಸೋಗೆಗೆ. ಫಸಲು ಯಾಕೆ ಕಮ್ಮಿ ಆಗ್ತದೆ ಸರ್?” ಎಲೆಚುಕ್ಕಿ ಅಡಿಕೆಯ ಎಲೆಗೆ, ಅಂದರೆ ಸೋಗೆಗೆ, ತಗಲುವ ರೋಗ. ಅವಳ ಮನೆಯ ಚಿಂತೆ ನನಗೆ ಗೊತ್ತಿತ್ತು. ಕೆಳಗಿನಿಂದ ಹೊರಟೆವು. ಶಿಲೀಂಧ್ರ ಎಲೆಯ ಕೋಶಗಳನ್ನು ಕೊಲ್ಲುತ್ತದೆ, ಚುಕ್ಕಿಗಳು ಕೂಡಿ ಸೋಗೆ ಒಣಗುತ್ತದೆ, ಮರಕ್ಕೆ ಆಹಾರ ತಯಾರಾಗುವುದು ತಗ್ಗುತ್ತದೆ, ಹಿಂಗಾರಕ್ಕೆ, ಅಂದರೆ ಅಡಿಕೆಯ ಹೂಗೊಂಚಲಿಗೆ, ಸಿಗುವ ಪಾಲೂ ತಗ್ಗುತ್ತದೆ. ಅವಳು ಅದನ್ನೇ ನೋಟ್‌ಬುಕ್ಕಿನಲ್ಲಿ ಚಿತ್ರ ಮಾಡಿದಳು: ಕೋಶ, ಚುಕ್ಕಿ, ಸೋಗೆ, ಮರ. ಪಕ್ಕದಲ್ಲಿ ಇನ್ನೂ ನಾಲ್ಕು ಮರ ಬರೆದು, ನಡುವೆ ಮಳೆಹನಿ ಹಾಕಿ, ಶಿಲೀಂಧ್ರದ ಬೀಜಕಗಳು ಹಾರುವ ಬಾಣ ಎಳೆದಳು. ನಾನು ಜೀವಿಗೆ ನಿಲ್ಲಿಸಿದ್ದ ಸಾಲಿಗೆ ಅವಳು ತೋಟವನ್ನೂ ಸೇರಿಸಿದ್ದಳು.