ಒಂಬತ್ತು ಗಂಟೆ ನ್ಯೂಸಲ್ಲಿ ಸುದ್ದಿ ಎಷ್ಟಿದೆ ಅಂತ ಕಂಡುಹಿಡಿಯೋದು ಹೇಗೆ

ಮೊದಲು ರಿಮೋಟ್ ತಗೊಂಡು ಮ್ಯೂಟ್ ಮಾಡಿ. ಆ ಮ್ಯೂಸಿಕ್ಕು, ಆ್ಯಂಕರ್ ಕೂಗಾಟ ಎಲ್ಲಾ ಹೋದ್ಮೇಲೆ ಸ್ಕ್ರೀನಲ್ಲಿ ಏನು ಉಳಿಯುತ್ತೆ ನೋಡಿ, ಎಷ್ಟೋ ಸಲ ಒಂದೇ ಕ್ಲಿಪ್ಪು ಸುತ್ತಿ ಸುತ್ತಿ ಬರ್ತಿರುತ್ತೆ, ಯಾರೋ ಕಾರಿಂದ ಇಳಿದು ಒಳಗೆ ಹೋಗ್ತಾರೆ, ಮತ್ತೆ ಇಳೀತಾರೆ ಮತ್ತೆ ಹೋಗ್ತಾರೆ. ಘಟನೆ ನಡೆದ ಜಾಗದಲ್ಲಿ ರಿಪೋರ್ಟರ್ ಇದಾರಾ? ಪೊಲೀಸರೋ ಡಾಕ್ಟರೋ ಕ್ಯಾಮೆರಾ ಮುಂದೆ ಬಂದು ಏನಾದ್ರೂ ಹೇಳಿದಾರಾ? ಇಲ್ಲ ಅಂದ್ರೆ ಅದು ಸ್ಟುಡಿಯೋದಲ್ಲೇ ಕಟ್ಟಿದ ಕಥೆ.

ಆಮೇಲೆ ಹೆಡ್‌ಲೈನ್ ನೋಡಿ. ಕೊನೇಲಿ ಪ್ರಶ್ನೆ ಚಿಹ್ನೆ ಇದ್ರೆ ಅವರ ಹತ್ರಾನೂ ಇನ್ನೂ ಉತ್ತರ ಇಲ್ಲ ಅಂತ, ಆದ್ರೆ ನೋಡಿದವರ ತಲೇಲಿ ಹೆಡ್‌ಲೈನಲ್ಲಿದ್ದ ಹೆಸರು ಕೂತುಬಿಡುತ್ತೆ.

2018ರ ಫೆಬ್ರವರಿಲಿ ದುಬೈನಲ್ಲಿ ನಟಿ ಶ್ರೀದೇವಿ ತೀರ್ಕೊಂಡಾಗ ಅಧಿಕಾರಿಗಳು ಕೊಟ್ಟ ಮಾಹಿತಿ ಪ್ರಜ್ಞೆ ತಪ್ಪಿ ಹೋಟೆಲ್ ಬಾತ್‌ಟಬ್ಬಲ್ಲಿ ಆಕಸ್ಮಿಕವಾಗಿ ಮುಳುಗಿ ಸಾವು ಅಂತ ಅಷ್ಟೇ, ಅದನ್ನ ಹಿಡ್ಕೊಂಡು ಚಾನೆಲ್‌ಗಳು ಗ್ರಾಫಿಕ್ಸಲ್ಲಿ ಬಾತ್‌ಟಬ್ ತಂದಿಟ್ರು, ಒಂದು ತೆಲುಗು ಚಾನೆಲ್ ರಿಪೋರ್ಟರ್ ತಾನೇ ಟಬ್ಬಲ್ಲಿ ಮಲಗಿ ತೋರಿಸಿದ. ಸತ್ತವರ ಮಕ್ಕಳೂ ಟಿವಿ ನೋಡ್ತಾರೆ ಅನ್ನೋ ಕನಿಷ್ಠ ಜ್ಞಾನಾನೂ ಬೇಡ್ವಾ? ನನಗೆ ಇವತ್ತಿಗೂ ಸಹಿಸೋಕಾಗಲ್ಲ.

ಇದಕ್ಕೆಲ್ಲ ಮೂಲ ಟಿಆರ್‌ಪಿ. ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು ಯಾವ ಚಾನೆಲ್ ಎಷ್ಟು ಜನ ನೋಡ್ತಾರೆ ಅಂತ ಬಾರ್ಕ್ ಸಂಸ್ಥೆ ಲೆಕ್ಕ ತೆಗೆಯುತ್ತೆ, ಜಾಹೀರಾತು ದುಡ್ಡು ಅದನ್ನ ನೋಡ್ಕೊಂಡು ಬರುತ್ತೆ. ಬೀದರ್‌ಗೋ ಚಾಮರಾಜನಗರಕ್ಕೋ ಕ್ಯಾಮೆರಾ ಕಳಿಸೋ ಖರ್ಚಿಗಿಂತ ನಾಲ್ಕು ಜನರನ್ನ ಕೂರಿಸಿ ಜಗಳ ಹಚ್ಚೋದು ಅಗ್ಗ. ಹಾಗಾಗಿ ಬೆಳೆ ಪರಿಹಾರ, ಆಸ್ಪತ್ರೆ, ಶಾಲೆ ಸುದ್ದಿಯೆಲ್ಲ ಕೆಳಗಡೆ ಸ್ಕ್ರೋಲಿಂಗಲ್ಲಿ ಓಡಿಹೋಗುತ್ತೆ, ನೀವು ಆ್ಯಂಕರ್ ಮುಖ ಬಿಟ್ಟು ಅದನ್ನ ಓದಿ.

ನಂಬೋ ಮುಂಚೆ ಮೂಲಕ್ಕೆ ಹೋಗಿ. 2016ರಲ್ಲಿ 2,000 ರೂಪಾಯಿ ನೋಟಲ್ಲಿ ಚಿಪ್ ಇದೆ ಅಂತ ಕೆಲವು ಚಾನೆಲ್ ಹೇಳ್ತಿದ್ವಲ್ಲ, ಆರ್‌ಬಿಐ ನೋಟಿನ ಲಕ್ಷಣಗಳ ಪಟ್ಟಿನೇ ಕೊಟ್ಟಿತ್ತು, ಅದರಲ್ಲಿ ಚಿಪ್ ಸುದ್ದಿನೇ ಇರ್ಲಿಲ್ಲ. ಆಕಾಶವಾಣಿ ಪ್ರದೇಶ ಸಮಾಚಾರಾನೂ ಕೇಳಿ, ಕೆಲವೇ ನಿಮಿಷದಲ್ಲಿ ರಾಜ್ಯದ ಸುದ್ದಿ ಸಿಗುತ್ತೆ.

ತೀರಾ ಅತಿ ಅನ್ನಿಸಿದ್ರೆ ಫೇಸ್‌ಬುಕ್ಕಲ್ಲಿ ಬೈದು ಸುಮ್ನಾಗ್ಬೇಡಿ, ಅವರಿಗೆ ಅದೂ ಪ್ರಚಾರಾನೇ. ಚಾನೆಲ್‌ಗೆ ಲಿಖಿತ ದೂರು ಕೊಡಿ. 2021ರ ಕೇಬಲ್ ಟಿವಿ ನಿಯಮದ ಪ್ರಕಾರ 24 ಗಂಟೇಲಿ ದೂರು ಬಂದಿದೆ ಅಂತ ತಿಳಿಸ್ಬೇಕು, 15 ದಿನದಲ್ಲಿ ಇತ್ಯರ್ಥ ಮಾಡ್ಬೇಕು. ಕಾರ್ಯಕ್ರಮದ ಹೆಸರು, ತಾರೀಖು, ಟೈಮು ಬರೀರಿ, ಚಾನೆಲ್‌ನವರು ಯೂಟ್ಯೂಬಿಂದ ಡಿಲೀಟ್ ಮಾಡೋ ಮುಂಚೆ ಆ ಭಾಗ ರೆಕಾರ್ಡ್ ಮಾಡಿಟ್ಕೊಳ್ಳಿ.