ಉತ್ತರವನ್ನು ನಾಳೆಗೆ ಬಿಡುವ ತರಗತಿ: ನಮ್ಮ ವಾಲ್ಡಾರ್ಫ್ ಶಾಲೆಯ ಒಂದು ವಾರ

ನಾನು ವಾಲ್ಡಾರ್ಫ್ ಶಾಲೆಯೊಂದರಲ್ಲಿ ಎರಡನೇ ತರಗತಿಯ ಟೀಚರ್. ಈ ಮಕ್ಕಳ ಜೊತೆ ಒಂದನೇ ತರಗತಿಯಿಂದಲೂ ಇದ್ದೇನೆ. ಸಾಧ್ಯವಾದರೆ ಎಂಟನೇ ತರಗತಿವರೆಗೂ ಒಬ್ಬರೇ ತರಗತಿ ಶಿಕ್ಷಕರು ಇರಬೇಕು ಅನ್ನುವುದು ಇಲ್ಲಿನ ಪದ್ಧತಿ. "ಪಠ್ಯಪುಸ್ತಕವೇ ಇಲ್ಲವಂತೆ, ಮತ್ತೆ ವಾರವಿಡೀ ಏನು ಮಾಡ್ತೀರಿ?" ಅಂತ ಹೊಸ ಪೋಷಕರು ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಏಳರ ಮಗ್ಗಿ ಕಲಿತ ವಾರದ ಬಗ್ಗೆ.

ನಮ್ಮಲ್ಲಿ ಬೆಳಗಿನ ಹೊತ್ತಿನ ಸುಮಾರು ಎರಡು ತಾಸು 'ಮುಖ್ಯ ಪಾಠ'ಕ್ಕೆ ಮೀಸಲು. ಮೂರು ನಾಲ್ಕು ವಾರ ದಿನಾ ಒಂದೇ ವಿಷಯ, ಇದಕ್ಕೆ 'ಬ್ಲಾಕ್' ಅನ್ನುತ್ತೇವೆ. ಆಮೇಲೆ ಅದನ್ನು ಬದಿಗಿಟ್ಟು ಬೇರೆಯದಕ್ಕೆ ಹೋಗುತ್ತೇವೆ. 1919ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ, ವಾಲ್ಡಾರ್ಫ್-ಆಸ್ಟೋರಿಯಾ ಸಿಗರೇಟ್ ಕಾರ್ಖಾನೆಯ ಕೆಲಸಗಾರರ ಮಕ್ಕಳಿಗಾಗಿ ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ ಮೊದಲ ವಾಲ್ಡಾರ್ಫ್ ಶಾಲೆ ಶುರು ಮಾಡಿದಾಗಿನಿಂದ ನಡೆದು ಬಂದ ಕ್ರಮ ಇದು. ಆ ವಾರ ನಮ್ಮ ತರಗತಿಯಲ್ಲಿ ನಡೆಯುತ್ತಿದ್ದದ್ದು ಲೆಕ್ಕದ ಬ್ಲಾಕ್. ಎರಡು, ಮೂರು, ನಾಲ್ಕರ ಮಗ್ಗಿ ಮಕ್ಕಳ ಬಾಯಲ್ಲಿ ಸಲೀಸಾಗಿ ಓಡುತ್ತಿತ್ತು.

ಸೋಮವಾರ ಏಳನ್ನು ಕಾಲಿನಿಂದ ಶುರು ಮಾಡಿದೆವು. ಬಾಗಿಲಲ್ಲಿ ಪ್ರತಿ ಮಗುವಿನ ಕೈ ಕುಲುಕಿ ಒಳಗೆ ಕರೆದುಕೊಳ್ಳುತ್ತೇನೆ. ಯಾರು ನಿದ್ದೆಗಣ್ಣಲ್ಲಿ ಬಂದಿದ್ದಾರೆ, ಯಾರು ಅತ್ತು ಬಂದಿದ್ದಾರೆ ಅನ್ನುವುದು ಆ ಒಂದು ಕ್ಷಣದಲ್ಲೇ ತಿಳಿಯುತ್ತದೆ. ಬೆಳಗಿನ ಪದ್ಯ ಆದ ಮೇಲೆ ಬೆಂಚುಗಳನ್ನು ಗೋಡೆಗೆ ಸರಿಸಿ ಎಲ್ಲರೂ ಸುತ್ತ ನಿಂತೆವು. ಆರು ಹೆಜ್ಜೆ ಮೆಲ್ಲಗೆ, ಏಳನೆಯದು ಜೋರಾಗಿ. ಆರು ಸಂಖ್ಯೆ ಪಿಸುಮಾತಿನಲ್ಲಿ, ಏಳನೆಯದು ಗಟ್ಟಿಯಾಗಿ. ಕಾಳು ತುಂಬಿದ ಬಟ್ಟೆಚೀಲ ಏಳನೇ ಎಣಿಕೆಗೆ ಪಕ್ಕದವರ ಕೈಗೆ ಹೋಗಬೇಕು. ಕೂತು ಏಳರ ಮಗ್ಗಿ ಹೇಳು ಅಂದರೆ ಬಾಯಿ ಬಿಡದ ಮಗು ಕುಣಿಯುತ್ತಾ 35ರವರೆಗೂ ತಪ್ಪಿಲ್ಲದೆ ಹೋಗುತ್ತದೆ. ಸಂಖ್ಯೆ ಮೊದಲು ಮೈಗೆ ಬರಬೇಕು, ಹಾಳೆಗೆ ಆಮೇಲೆ. ಈ ಒಂದು ವಿಷಯದಲ್ಲಿ ನಾನು ಯಾವತ್ತೂ ಆತುರ ಮಾಡುವುದಿಲ್ಲ.

ಮಂಗಳವಾರ ಉಣ್ಣೆಯ ಉಂಡೆ ತಂದೆ. ಹತ್ತು ಮಕ್ಕಳು ಸುತ್ತ ಕೂತರು. ಒಬ್ಬೊಬ್ಬರೂ 0ರಿಂದ 9ರವರೆಗಿನ ಒಂದೊಂದು ಅಂಕಿ. ಉಳಿದವರು ಮಗ್ಗಿ ಹೇಳಬೇಕು, ಬಂದ ಉತ್ತರದ ಕೊನೆಯ ಅಂಕಿ ಯಾವುದೋ ಆ ಮಗುವಿಗೆ ಉಂಡೆ ಹೋಗಬೇಕು. ಕೈಗೆ ಬಂದ ಎಳೆಯನ್ನು ಹಿಡಿದುಕೊಂಡೇ ಉಂಡೆಯನ್ನು ಮುಂದೆ ಕಳಿಸಬೇಕು. ಗೊತ್ತಿದ್ದ ನಾಲ್ಕರ ಮಗ್ಗಿಯನ್ನೇ ಮೊದಲು ಹಿಡಿದೆವು, ಶುರು 0ಯ ಮಗುವಿನಿಂದ. 4, 8, ಆಮೇಲೆ 12 ಅಂದರೆ 2, 16 ಅಂದರೆ 6, 20 ಅಂದರೆ ಮತ್ತೆ 0. ನೆಲದ ಮೇಲೆ ಐದು ಮೂಲೆಯ ನಕ್ಷತ್ರ! ಬೆಸ ಅಂಕಿಯ ಮಕ್ಕಳ ಕೈಗೆ ಉಣ್ಣೆ ಬರಲೇ ಇಲ್ಲ. ಅವರಿಗೆ ಬೇಸರ. "ನಮಗೆ ಯಾವಾಗ ಟೀಚರ್?" ಮೂರರ ಮಗ್ಗಿಯಲ್ಲಿ ಬಂತು. 3, 6, 9, 2, 5, 8, 1, 4, 7, 0. ಈ ಸಲ ಉಣ್ಣೆ ಎಲ್ಲರ ಕೈಗೂ ಬಂತು, ಹತ್ತು ಮೂಲೆಯ ನಕ್ಷತ್ರ ಮೂಡಿತು.

ಬುಧವಾರ ಏಳರ ಸರದಿ. 7, ಆಮೇಲೆ 14ರ 4, 21ರ 1, 28ರ 8. ಉಂಡೆ ಅರ್ಧ ಸುತ್ತುವ ಮೊದಲೇ ಒಬ್ಬ ಎದ್ದು ನಿಂತ. "ಇದು ಮೂರರ ನಕ್ಷತ್ರನೇ! ಹಿಂದೆ ಹಿಂದೆ ಹೋಗ್ತಿದೆ!" ತರಗತಿಯೆಲ್ಲ ಗದ್ದಲ. ಯಾಕೆ ಹೀಗೆ ಅಂತ ಎಲ್ಲರೂ ನನ್ನ ಮುಖ ನೋಡಿದರು. "ಇವತ್ತು ಇದನ್ನ ಹಾಗೇ ಇಟ್ಟುಕೊಂಡು ಮನೆಗೆ ಹೋಗಿ" ಅಂದೆ.

ನಮ್ಮ ಕೆಲಸದ ಜೀವ ಇರುವುದು ಇಲ್ಲೇ ಅಂತ ನನಗೆ ಅನಿಸುತ್ತದೆ. ಕೇಳಿದ್ದನ್ನು, ನೋಡಿದ್ದನ್ನು ಮಗು ಒಂದು ರಾತ್ರಿ ತನ್ನೊಳಗೆ ಇಟ್ಟುಕೊಳ್ಳಲಿ ಅಂತ ಬಿಡುತ್ತೇವೆ. ಕಥೆಯಲ್ಲೂ ಅಷ್ಟೇ. ಎರಡನೇ ತರಗತಿಗೆ ನೀತಿಕಥೆಗಳು, ಸಂತರ ಕಥೆಗಳು. ಪುಸ್ತಕ ನೋಡದೆ ಬಾಯಲ್ಲಿ ಹೇಳುತ್ತೇನೆ, ಹಿಂದಿನ ರಾತ್ರಿ ಕೂತು ಕಲಿತುಕೊಂಡೇ ಬಂದಿರುತ್ತೇನೆ. ಹೇಳಿ ಮುಗಿಸಿದ ಕೂಡಲೇ ಪ್ರಶ್ನೆ ಕೇಳುವುದಿಲ್ಲ. ಮರುದಿನ ಮಕ್ಕಳೇ ಕಥೆಯನ್ನು ತಿರುಗಿ ಹೇಳುತ್ತಾರೆ. ಅದರ ಮರುದಿನ ಚಿತ್ರ, ಬರವಣಿಗೆ. ಕಥೆಯ ನೀತಿಯನ್ನು ಬಿಡಿಸಿ ಹೇಳುವುದು ನನಗೆ ಇಷ್ಟವಿಲ್ಲ. ಸಿಂಹದ ಬಲೆ ಕಡಿದ ಇಲಿಯನ್ನು ಮಗು ಮನಸ್ಸಲ್ಲಿ ಕಂಡರೆ ಸಾಕು, ಅಲ್ವಾ? ಅದರ ಮೇಲೆ ನನ್ನ ಉಪದೇಶ ಸೇರಿದರೆ ಇಲಿ ಮಾಯವಾಗಿ ಉಪದೇಶ ಮಾತ್ರ ಉಳಿಯುತ್ತದೆ.

ಗುರುವಾರ ಬೆಳಿಗ್ಗೆ ಬಾಗಿಲಲ್ಲಿ ಕೈ ಕುಲುಕುವಾಗಲೇ ಒಬ್ಬಳು ನನ್ನ ಕೈ ಬಿಡಲಿಲ್ಲ. "ಟೀಚರ್, ಮೂರು ಏಳು ಸೇರಿದ್ರೆ ಹತ್ತು!" ಒಳಗೆ ಹೋಗಿ ಎಲ್ಲರಿಗೂ ತೋರಿಸು ಅಂದೆ. ಹತ್ತು ಜನರ ಸುತ್ತಿನಲ್ಲಿ ಏಳು ಹೆಜ್ಜೆ ಮುಂದೆ ಹೋದರೂ ಒಂದೇ, ಮೂರು ಹೆಜ್ಜೆ ಹಿಂದೆ ಬಂದರೂ ಒಂದೇ. ಅವಳು ನಡೆದೇ ತೋರಿಸಿದಳು. ನಂಬದ ಇಬ್ಬರು ತಾವೂ ನಡೆದು ನೋಡಿದರು. ಬುಧವಾರವೇ ನಾನು ಬಾಯಿ ಬಿಟ್ಟಿದ್ದರೆ ಈ ಉತ್ತರ ನನ್ನದಾಗುತ್ತಿತ್ತು. ಈಗ ಅದು ತರಗತಿಯ ಸೊತ್ತು.

ಆಮೇಲೆ ಎರಡೂ ನಕ್ಷತ್ರಗಳು ಪುಸ್ತಕಕ್ಕೆ ಬಂದವು. ಮಕ್ಕಳು ಕೈಯಾರೆ ಬರೆದು, ಜೇನುಮೇಣದ ಕ್ರೇಯಾನ್‌ನಿಂದ ಬಣ್ಣ ತುಂಬುವ ಈ ಪುಸ್ತಕವೇ ನಮ್ಮ ಪಠ್ಯಪುಸ್ತಕ. ಪುಟ ಚೆಂದ ಕಾಣಲಿ ಅಂತ ಕರಿಹಲಗೆಯಲ್ಲಿದ್ದದ್ದನ್ನು ಸುಮ್ನೆ ನಕಲು ಮಾಡಿಸುವ ಅಪಾಯ ಇದರಲ್ಲಿ ಇದ್ದೇ ಇದೆ. ಅದಕ್ಕೇ ಹಲಗೆಯ ಚಿತ್ರ ಅಳಿಸಿದ ಮೇಲೆ ಬರೆಯಲು ಹೇಳುತ್ತೇನೆ. ಗೆರೆ ಸೊಟ್ಟಗಾದರೂ ಪರವಾಗಿಲ್ಲ.

ಮುಖ್ಯ ಪಾಠ ಮುಗಿದ ಮೇಲೆ ಕ್ರೋಶಾ, ಕೊಳಲು, ಯೂರಿದ್ಮಿ (ಮಾತು, ಸಂಗೀತವನ್ನು ಮೈಯ ಚಲನೆಯಲ್ಲಿ ತೋರಿಸುವ ಕಲೆ), ಇನ್ನೊಂದು ಭಾಷೆ, ಎಲ್ಲವೂ ವಾರದ ನಿಗದಿತ ದಿನಗಳಲ್ಲಿ ನಡೆದವು. ಹೋದ ವರ್ಷ ಹೆಣಿಗೆ ಕಡ್ಡಿ ಹಿಡಿದ ಕೈಗಳು ಈ ವರ್ಷ ಕ್ರೋಶಾ ಕಡ್ಡಿಗೆ ಬೇಗ ಒಗ್ಗಿವೆ. ಹೊಲಿಗೆ ಎಣಿಸುವಾಗ ಮಗ್ಗಿ ಅಲ್ಲೂ ಕೇಳಿಸುತ್ತದೆ.

ಶುಕ್ರವಾರ ಚಿತ್ರಕಲೆ. ಕಾಗದವನ್ನು ನೀರಲ್ಲಿ ನೆನೆಸಿ, ಹಲಗೆಯ ಮೇಲೆ ಹರಡಿ, ಹಳದಿ ಮತ್ತು ನೀಲಿ ಮಾತ್ರ ಕೊಟ್ಟೆ. ಒದ್ದೆ ಕಾಗದದಲ್ಲಿ ಬಣ್ಣ ತಾನೇ ಹರಿಯುತ್ತದೆ, ಗೆರೆ ನಿಲ್ಲುವುದಿಲ್ಲ. ಎರಡೂ ಸೇರಿದ ಕಡೆ ಹಸಿರು ಬಂದಾಗ ಅದನ್ನು ಕಂಡುಹಿಡಿದ ಖುಷಿ ಮಕ್ಕಳದ್ದೇ.

ಮನೆಗೆ ಹೊರಡುವ ಮುಂಚೆ ಮುಂದಿನ ವಾರ ಆರು ಮತ್ತು ಎಂಟರ ಮಗ್ಗಿ ಅಂದೆ. "ಆರಕ್ಕೆ ನಾಲ್ಕರ ನಕ್ಷತ್ರ!" ಅಂತ ಹಿಂದಿನ ಬೆಂಚಿನಿಂದ ಕೂಗು ಬಂತು. ಸರಿಯೋ ತಪ್ಪೋ ಹೇಳಲಿಲ್ಲ. ಸೋಮವಾರಕ್ಕೆ ಉಣ್ಣೆಯ ಉಂಡೆಯನ್ನು ಮತ್ತೆ ಸುತ್ತಿಡುವ ಕೆಲಸ ಅವನಿಗೇ ಕೊಟ್ಟೆ.